ಪ್ಯಾಡೆಲ್: ಗಾಜಿನ ಗೋಡೆಗಿಂತ ಗುರುವೇ ದೊಡ್ಡ ಬಂಡವಾಳ

ಹೊಸದೊಂದು ವ್ಯವಹಾರ ಕಣ್ಣಿಗೆ ಬಿದ್ದಾಗ ವರ್ತಕನಾದವನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಬಂಡವಾಳ ಬೇಕು?’ ಎಂಬುದು. ಎರಡನೆಯದು ‘ಹಾಕಿದ ಹಣ ಎಷ್ಟು ದಿನಗಳಲ್ಲಿ ಮರಳೀತು?’ ಎಂಬುದು. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ವಿರಳ. ಮೊದಲ ವರ್ಷ ಕುತೂಹಲದಿಂದ ಬಂದ ಗಿರಾಕಿ ಮೂರನೆಯ ವರ್ಷವೂ ಬರುವಂತೆ ಮಾಡುವುದು ಯಾವುದು? ಕಳೆದ ಕೆಲವು ವರ್ಷಗಳಲ್ಲಿ ಯೂರೋಪು, ಕೊಲ್ಲಿ ರಾಷ್ಟ್ರಗಳು ಹಾಗೂ ಭಾರತದ ಮಹಾನಗರಗಳಲ್ಲಿ ಬಂಡವಾಳಗಾರರ ಗಮನ ಸೆಳೆದಿರುವ ಪ್ಯಾಡೆಲ್ ಎಂಬ ಆಟದ ವಿಚಾರದಲ್ಲಿ ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಅದಕ್ಕೆ ಉತ್ತರ ದೊರೆಯುವುದು ಅಂಕಣದ ಗಾಜಿನಲ್ಲಾಗಲಿ ಉಕ್ಕಿನಲ್ಲಾಗಲಿ ಅಲ್ಲ. ಅಂಕಣದೊಳಗೆ ಚೆಂಡಿನ ಬುಟ್ಟಿಯ ಪಕ್ಕದಲ್ಲಿ ನಿಂತು ಪಾಠ ಹೇಳುವ ತರಬೇತುದಾರನಲ್ಲಿ.

ಗೋಡೆಯಿಂದ ಹುಟ್ಟಿದ ಆಟ

ಪ್ಯಾಡೆಲ್ ಹುಟ್ಟಿದ್ದು ಮೆಕ್ಸಿಕೋ ದೇಶದ ಅಕಾಪುಲ್ಕೊ ನಗರದಲ್ಲಿ, 1969ರಲ್ಲಿ. ಎನ್ರಿಕೆ ಕೊರ್ಕುಯೆರಾ ಎಂಬ ಉದ್ಯಮಿ ತಮ್ಮ ಮನೆಯ ಆವರಣದಲ್ಲಿ ಟೆನಿಸ್ ಅಂಕಣಕ್ಕೆ ಬೇಕಾದಷ್ಟು ಜಾಗವಿಲ್ಲದ ಕಾರಣ, ಇದ್ದ ಜಾಗದಲ್ಲೇ ಚಿಕ್ಕ ಅಂಕಣವೊಂದನ್ನು ರಚಿಸಿ ಸುತ್ತಲೂ ಗೋಡೆ ಎಬ್ಬಿಸಿದರು. ಚೆಂಡು ಹೊರಗೆ ಹೋಗದಂತೆ ತಡೆಯಲೆಂದು ಬಂದ ಗೋಡೆಯೇ ಆಟದ ಅಂಗವಾಯಿತು. 1974ರಲ್ಲಿ ಅಲ್ಫೊನ್ಸೊ ದೆ ಹೊಹೆನ್‌ಲೊಹೆ ಈ ಆಟವನ್ನು ಸ್ಪೇನ್ ದೇಶದ ಮಾರ್ಬೆಲ್ಲಾಕ್ಕೆ ತಂದರು. 1975ರಲ್ಲಿ ಹೂಲಿಯೊ ಮೆಂದಿತೆಗಿ ಅದನ್ನು ಅರ್ಜೆಂಟೀನಾಕ್ಕೆ ಕೊಂಡೊಯ್ದರು. 1991ರಲ್ಲಿ ಅಂತರರಾಷ್ಟ್ರೀಯ ಪ್ಯಾಡೆಲ್ ಫೆಡರೇಷನ್ ಸ್ಥಾಪನೆಯಾಯಿತು. ಮರುವರ್ಷ ಸ್ಪೇನಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2023ರಲ್ಲಿ ಪೋಲೆಂಡಿನ ಕ್ರಾಕೊವ್‌ನಲ್ಲಿ ಜರುಗಿದ ಯೂರೋಪಿಯನ್ ಕ್ರೀಡಾಕೂಟದಲ್ಲಿಯೂ ಈ ಆಟಕ್ಕೆ ಸ್ಥಾನ ದೊರಕಿತು.

ಆಟದ ನಿಯಮಗಳು ಸರಳ. ಪಂದ್ಯಗಳು ನಡೆಯುವುದು ನಾಲ್ವರ ನಡುವೆ, ಡಬಲ್ಸ್ ರೂಪದಲ್ಲಿ. ಅಂಕಗಳ ಎಣಿಕೆ ಟೆನಿಸ್‌ನಂತೆಯೇ. ಸರ್ವ್ ಮಾಡುವಾಗ ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿ, ಸೊಂಟದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಹೊಡೆಯಬೇಕು. ಎದುರಾಳಿಯ ಅಂಕಣದಲ್ಲಿ ಚೆಂಡು ಮೊದಲು ನೆಲಕ್ಕೆ ಬಿದ್ದ ನಂತರವೇ ಗೋಡೆಗೆ ತಾಗಬಹುದು. ಗೋಡೆಯಿಂದ ಮರಳಿದ ಚೆಂಡು ಎರಡನೆಯ ಬಾರಿ ನೆಲ ಮುಟ್ಟುವ ಮುನ್ನ ಅದನ್ನು ಹಿಂದಿರುಗಿಸಬೇಕು. ತಲೆಯ ಮೇಲಿನಿಂದ ಬಿರುಸಾಗಿ ಸರ್ವ್ ಮಾಡುವ ಅಗತ್ಯವಿಲ್ಲದಿರುವುದರಿಂದ ಹತ್ತು ವರ್ಷದ ಬಾಲಕಿಯೂ ಅರವತ್ತು ದಾಟಿದ ನಿವೃತ್ತರೂ ಮೊದಲ ದಿನವೇ ಚೆಂಡನ್ನು ಆಟದಲ್ಲಿ ಉಳಿಸಿಕೊಳ್ಳಬಲ್ಲರು. ಈ ಆಟ ಶೀಘ್ರವಾಗಿ ಹಬ್ಬಲು ಇದೇ ಮುಖ್ಯ ಕಾರಣ. ಮುಂದೆ ಕಾಣುವಂತೆ, ಅದರಲ್ಲಿ ಅಡಗಿರುವ ಅಪಾಯಕ್ಕೂ ಇದೇ ಕಾರಣ.

ಅಂಕಣದ ಲೆಕ್ಕ

ಪ್ಯಾಡೆಲ್ ಅಂಕಣದ ಉದ್ದ 20 ಮೀಟರ್, ಅಗಲ 10 ಮೀಟರ್. ಅಂದರೆ 200 ಚದರ ಮೀಟರ್. ಟೆನಿಸ್ ಅಂಕಣವೊಂದಕ್ಕೆ ಸುತ್ತಲಿನ ಓಡಾಟದ ಜಾಗವೂ ಸೇರಿ ಸುಮಾರು 670 ಚದರ ಮೀಟರ್ ಬೇಕಾಗುತ್ತದೆ. ಒಂದು ಟೆನಿಸ್ ಅಂಕಣದಷ್ಟು ನೆಲದಲ್ಲಿ ಸುಮಾರು ಮೂರು ಪ್ಯಾಡೆಲ್ ಅಂಕಣಗಳು, ಅಂದರೆ ಹನ್ನೆರಡು ಮಂದಿ ಆಟಗಾರರು. ನೆಲದ ಬೆಲೆ ಗಗನಕ್ಕೇರಿರುವ ನಗರಗಳಲ್ಲಿ ಬಂಡವಾಳಗಾರರನ್ನು ಆಕರ್ಷಿಸುವುದು ಈ ಗಣಿತವೇ.

ಸಣ್ಣ ಉತ್ಪಾದಕರಿಗೂ ಇಲ್ಲಿ ಗಮನಿಸತಕ್ಕ ಅಂಶಗಳಿವೆ. ಅಂಕಣದ ಎರಡೂ ತುದಿಗಳಲ್ಲಿ 3 ಮೀಟರ್ ಎತ್ತರದ ಗೋಡೆ, ಅದರ ಮೇಲೆ 1 ಮೀಟರ್ ಲೋಹದ ಜಾಲರಿ ಇರುತ್ತದೆ. ಮೂಲೆಗಳಲ್ಲಿ ಪಕ್ಕದ ಗೋಡೆ 3 ಮೀಟರ್ ಎತ್ತರದಿಂದ ಆರಂಭವಾಗಿ 2 ಮೀಟರ್‌ಗೆ ಇಳಿಯುತ್ತದೆ. ಪಕ್ಕದ ಉಳಿದ ಭಾಗ ಜಾಲರಿ. ಸಾಮಾನ್ಯ ರಚನೆಯ ಒಂದು ಅಂಕಣಕ್ಕೆ 3 ಮೀಟರ್ ಎತ್ತರ, 2 ಮೀಟರ್ ಅಗಲದ 14 ಗಾಜಿನ ಹಲಗೆಗಳು, 2 ಮೀಟರ್ ಚೌಕದ 4 ಹಲಗೆಗಳು, ಒಟ್ಟಾರೆ 100 ಚದರ ಮೀಟರ್ ಟಫನ್ಡ್ ಗಾಜು ಬೇಕು. 12 ಮಿಲಿಮೀಟರ್ ದಪ್ಪದ ಗಾಜಾದರೆ ಅದರ ತೂಕವೇ ಸುಮಾರು 3 ಟನ್. ಇದರೊಡನೆ ಸತುವಿನ ಲೇಪನವುಳ್ಳ ಉಕ್ಕಿನ ಚೌಕಟ್ಟು, ಮರಳು ತುಂಬಿದ ಕೃತಕ ಹುಲ್ಲಿನ ಹಾಸು, ಕಣ್ಣು ಕುಕ್ಕದ ಎಲ್‌ಇಡಿ ದೀಪಗಳು, ಮಧ್ಯದಲ್ಲಿ 88 ಸೆಂಟಿಮೀಟರ್ ಎತ್ತರವಿರುವ ನೆಟ್. ಇವುಗಳಲ್ಲಿ ಯಾವುದೂ ಅಪರೂಪದ ವಸ್ತುವಲ್ಲ. ಗಾಜು ಹದಗೊಳಿಸುವ ಘಟಕ, ಫ್ಯಾಬ್ರಿಕೇಷನ್ ಶೆಡ್ಡು, ಪೌಡರ್ ಕೋಟಿಂಗ್ ಘಟಕಗಳಿರುವ ಯಾವುದೇ ಕೈಗಾರಿಕಾ ವಸಾಹತು ಇಂತಹ ಕೆಲಸವನ್ನು ಕೈಗೆತ್ತಿಕೊಳ್ಳಬಹುದು.

ಆದರೆ ಸುಲಭವಾಗಿ ಕಟ್ಟಬಹುದಾದುದನ್ನು ನೆರೆಯವನೂ ಅಷ್ಟೇ ಸುಲಭವಾಗಿ ಕಟ್ಟಬಲ್ಲ ಎಂಬುದನ್ನು ಮರೆಯಬಾರದು. ಈ ಮಾತಿಗೆ ಎರಡು ದೇಶಗಳ ಅನುಭವವೇ ಸಾಕ್ಷಿ.

ಎರಡು ದೇಶಗಳು, ಒಂದು ಪಾಠ

ಅರ್ಜೆಂಟೀನಾದಲ್ಲಿ 1980ರ ದಶಕದ ಕೊನೆಯಿಂದ 1990ರ ದಶಕದ ಪೂರ್ವಾರ್ಧದವರೆಗೆ ಪ್ಯಾಡೆಲ್ ಒಂದು ಹುಚ್ಚಿನಂತೆ ಹಬ್ಬಿತು. ಖಾಲಿ ನಿವೇಶನ ಇದ್ದವರೆಲ್ಲ ಸಿಮೆಂಟಿನ ಅಂಕಣ ಕಟ್ಟಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟರು. ಗಟ್ಟಿ ನೆಲದ ಮೇಲೆ ಸಿದ್ಧತೆಯಿಲ್ಲದೆ ಆಡಿದವರ ಮೊಣಕಾಲುಗಳು ದಣಿದವು, ಕುತೂಹಲವೂ ತಣಿಯಿತು. ದಶಕ ಮುಗಿಯುವಷ್ಟರಲ್ಲಿ ಅನೇಕ ಅಂಕಣಗಳು ವಾಹನ ನಿಲುಗಡೆಯ ತಾಣಗಳಾಗಿಯೂ ಚಿಕ್ಕ ಫುಟ್‌ಬಾಲ್ ಮೈದಾನಗಳಾಗಿಯೂ ಮಾರ್ಪಟ್ಟವು. ಉಳಿದದ್ದು ಆಟದ ವಿದ್ಯೆ. ಅಲ್ಲಿ ನುರಿತ ಅನೇಕ ಆಟಗಾರರು ಮತ್ತು ತರಬೇತುದಾರರು ಸ್ಪೇನಿಗೆ ತೆರಳಿ ಅಲ್ಲಿನ ಕ್ಲಬ್ಬುಗಳಲ್ಲಿ ನೆಲೆಗೊಂಡರು. ಪೆಹುವಾಹೊ ಎಂಬ ಸಣ್ಣ ಪಟ್ಟಣದಿಂದ ಬಂದ ಫೆರ್ನಾಂದೊ ಬೆಲಾಸ್ತೆಗಿನ್ ಸತತ 16 ವರ್ಷ ವಿಶ್ವದ ಅಗ್ರ ಶ್ರೇಯಾಂಕವನ್ನು ಉಳಿಸಿಕೊಂಡು, 2024ರಲ್ಲಿ ನಿವೃತ್ತರಾದರು. ಸಿಮೆಂಟು ನೆಲಸಮವಾಯಿತು, ಕಲಿತ ವಿದ್ಯೆ ಮಾತ್ರ ಗಡಿ ದಾಟಿ ಬೆಲೆ ಪಡೆಯಿತು.

ಎರಡನೆಯ ಉದಾಹರಣೆ ಸ್ವೀಡನ್. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಅಲ್ಲಿ ಪ್ಯಾಡೆಲ್ ಬೇಡಿಕೆ ಹಠಾತ್ತನೆ ಏರಿತು. ಹೂಡಿಕೆದಾರರು ಉಗ್ರಾಣಗಳನ್ನು ಬಾಡಿಗೆಗೆ ಹಿಡಿದು ಸಾಲುಸಾಲಾಗಿ ಅಂಕಣಗಳನ್ನು ನಿರ್ಮಿಸಿದರು. 2022ರ ವೇಳೆಗೆ ಇತರ ಚಟುವಟಿಕೆಗಳು ಮರಳಿ ತೆರೆದುಕೊಂಡವು. ವಿದ್ಯುತ್ ದರ ಹಾಗೂ ಬಡ್ಡಿ ದರ ಏರಿದವು. ಒಂದೇ ಊರಿನ ಆಟಗಾರರನ್ನು ಅನೇಕ ಸಭಾಂಗಣಗಳು ಹಂಚಿಕೊಳ್ಳಬೇಕಾಯಿತು. ಮುಂದಿನ ಎರಡು ವರ್ಷಗಳಲ್ಲಿ ಹಲವು ಸಂಸ್ಥೆಗಳು ದಿವಾಳಿಯಾದವು. ಬೇಡಿಕೆಯನ್ನು ಸಿದ್ಧವಸ್ತುವೆಂದು ಭಾವಿಸಿ ಪೂರೈಕೆಯನ್ನು ಮಾತ್ರ ಹೆಚ್ಚಿಸಿದವರಿಗೆ ಆದ ನಷ್ಟವದು.

ಇದಕ್ಕೆ ಪ್ರತಿಯಾಗಿ ಸ್ಪೇನಿನಲ್ಲಿ ಪ್ಯಾಡೆಲ್ ದಶಕಗಳ ಕಾಲ ನಿಧಾನವಾಗಿ ಬೇರೂರಿತು. ಅಲ್ಲಿ ಕ್ಲಬ್ಬು ಎಂದರೆ ಬಹುಮಟ್ಟಿಗೆ ಶಾಲೆಯೂ ಹೌದು. ಶಾಲೆ ಬಿಟ್ಟ ಮೇಲೆ ಮಕ್ಕಳ ತರಗತಿ, ಹಗಲಿನಲ್ಲಿ ಗೃಹಿಣಿಯರು ಹಾಗೂ ನಿವೃತ್ತರ ಗುಂಪು, ಸಂಜೆ ಕಚೇರಿಯವರ ಗುಂಪು. ವಾರಕ್ಕೊಂದೆರಡು ಪಾಠ, ವಾರಾಂತ್ಯದಲ್ಲಿ ಪಂದ್ಯ. ಇಂದು ಆ ದೇಶದಲ್ಲಿ ಅತಿ ಹೆಚ್ಚು ಜನ ಆಡುವ ಆಟಗಳ ಸಾಲಿನಲ್ಲಿ ಪ್ಯಾಡೆಲ್ ನಿಂತಿರುವುದರಲ್ಲಿ ಈ ಪದ್ಧತಿಯ ಪಾತ್ರ ದೊಡ್ಡದು.

ಮೊದಲ ಪಾಠ: ಕಾಯುವುದು

ಪ್ಯಾಡೆಲ್ ಆಡಲು ಆರಂಭಿಸುವುದು ಸುಲಭ. ಆದರೆ ಕಲಿಯುವುದು ಸುಲಭವಲ್ಲ. ತರಬೇತಿಯಿಲ್ಲದೆ ಆಡುವವನು ಕೆಲವೇ ತಿಂಗಳಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತಾನೆ. ಗೋಡೆಯತ್ತ ಸಾಗುವ ಚೆಂಡನ್ನು ಆತುರದಿಂದ ನಡುವೆಯೇ ಹೊಡೆಯುತ್ತಾನೆ. ಎತ್ತರದ ಚೆಂಡು ಬಂದೊಡನೆ ಬಲವೆಲ್ಲ ಹಾಕಿ ಬಾರಿಸುತ್ತಾನೆ. ಅದು ಗಾಜಿಗೆ ತಾಗಿ ಎದುರಾಳಿಗೆ ಅನುಕೂಲಕರವಾಗಿ ಮರಳುತ್ತದೆ. ಸೋತದ್ದೇಕೆಂದು ತಿಳಿಯದವನಿಗೆ ಬೇಸರ ಬರುವುದು ಸಹಜ. ಬೇಸರಗೊಂಡ ಗಿರಾಕಿ ಜಗಳವಾಡುವುದಿಲ್ಲ. ಸದ್ದಿಲ್ಲದೆ ಬರುವುದನ್ನು ನಿಲ್ಲಿಸುತ್ತಾನೆ.

ಆದ್ದರಿಂದ ಬಲ್ಲ ತರಬೇತುದಾರನು ಮೊದಲ ಪಾಠದಲ್ಲಿ ಕಲಿಸುವುದು ಹೊಡೆತವನ್ನಲ್ಲ, ಕಾಯುವುದನ್ನು. ಕಲಿಯುವವನನ್ನು ಹಿಂದಿನ ಗಾಜಿನ ಬಳಿ ನಿಲ್ಲಿಸಿ, ಕೈಯಿಂದಲೇ ಮೆಲ್ಲನೆ ಚೆಂಡನ್ನು ಎಸೆಯುತ್ತಾನೆ. ಚೆಂಡು ನೆಲಕ್ಕೆ ಬಿದ್ದು, ಪಕ್ಕದಲ್ಲಿ ಹಾದು, ಗಾಜಿಗೆ ತಾಗಿ, ಮರಳಿ ಮುಂದಕ್ಕೆ ಬರುವುದನ್ನು ರ್‍ಯಾಕೆಟ್ ಎತ್ತದೆ ನೋಡುವುದೇ ಮೊದಲ ಅಭ್ಯಾಸ. ಎರಡನೆಯದು, ಮರಳಿದ ಚೆಂಡನ್ನು ಕೈಯಲ್ಲಿ ಹಿಡಿಯುವುದು. ಮೂರನೆಯದಾಗಿ, ದೇಹವನ್ನು ಪಕ್ಕಕ್ಕೆ ತಿರುಗಿಸಿ, ಚೆಂಡಿನೊಡನೆ ಹಿಂದಕ್ಕೆ ಸರಿದು, ಅದರೊಡನೆಯೇ ಮುಂದಕ್ಕೆ ಬಂದು, ತನ್ನ ಮುಂಗಾಲಿನ ಎದುರಿನಲ್ಲಿ ಅದನ್ನು ತಾಗಿಸುವುದು. ಟೆನಿಸ್‌ನಲ್ಲಿ ಆಟಗಾರನನ್ನು ದಾಟಿಹೋದ ಚೆಂಡು ಕೈ ತಪ್ಪಿದ ಚೆಂಡು. ಪ್ಯಾಡೆಲ್‌ನಲ್ಲಿ ದಾಟಿಹೋದ ಚೆಂಡಿಗೆ ಎರಡನೆಯ ಅವಕಾಶವಿದೆ. ಈ ಒಂದು ಸಂಗತಿ ಮೈಗೂಡಿದ ದಿನ ಕಲಿಯುವವನ ಮುಖ ಅರಳುತ್ತದೆ. ಮುಂದಿನ ವಾರದ ಪಾಠಕ್ಕೆ ಆತ ತಾನಾಗಿಯೇ ಹೆಸರು ಬರೆಸುತ್ತಾನೆ.

ಟೆನಿಸ್ ಬಲ್ಲವರಿಗೆ ಈ ಕಲಿಕೆ ಇನ್ನೂ ಕಷ್ಟ ಎಂಬುದು ವಿಚಿತ್ರವಾದರೂ ನಿಜ. ಅವರ ತೋಳಿನ ಬೀಸು ಉದ್ದ. ಇಲ್ಲಿ ಬೀಸು ಚಿಕ್ಕದಾಗಿರಬೇಕು. ಅವರಿಗೆ ವೇಗವೇ ಆಯುಧ. ಇಲ್ಲಿ ಅತಿವೇಗದ ಚೆಂಡು ಗೋಡೆಯಿಂದ ಎತ್ತರವಾಗಿ ಮರಳಿ ಎದುರಾಳಿಗೆ ಸಮಯ ಒದಗಿಸುತ್ತದೆ. ಬ್ಯಾಡ್ಮಿಂಟನ್ ಮತ್ತು ಸ್ಕ್ವಾಷ್ ಆಡಿದವರಿಗೆ ಮಣಿಕಟ್ಟಿನ ಚುರುಕಾಗಲಿ ಗೋಡೆಯ ಕೋನದ ಅರಿವಾಗಲಿ ಮೊದಲೇ ಇರುತ್ತದೆ. ಆದರೆ ಜೊತೆಗಾರನೊಡನೆ ಅಕ್ಕಪಕ್ಕ ಚಲಿಸುವುದನ್ನು ಅವರೂ ಹೊಸದಾಗಿ ಕಲಿಯಬೇಕಾಗುತ್ತದೆ.

ತಟ್ಟೆ ಹಿಡಿದ ಮಾಣಿಯ ಹೊಡೆತ

ಪ್ಯಾಡೆಲ್‌ನ ಅರ್ಥಶಾಸ್ತ್ರವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ನೆಟ್ ಹಿಡಿದ ಜೋಡಿಗೆ ಲಾಭ, ಹಿಂದೆ ಉಳಿದ ಜೋಡಿಗೆ ಖರ್ಚು. ಹಿಂದಿನ ಜೋಡಿ ಮುಂದಿನವರನ್ನು ಹಿಮ್ಮೆಟ್ಟಿಸಲು ಬಳಸುವ ಮುಖ್ಯ ಸಾಧನ ಲಾಬ್, ಅಂದರೆ ಎದುರಾಳಿಯ ತಲೆಯ ಮೇಲಿಂದ ಎತ್ತರಕ್ಕೆ ಹಾರಿಸುವ ಚೆಂಡು. ಸ್ಪೇನಿನ ತರಬೇತುದಾರರು ಇದನ್ನು ‘ಗ್ಲೋಬೊ’ ಎನ್ನುತ್ತಾರೆ. ಇದಕ್ಕೆ ಪ್ರತ್ಯುತ್ತರವಾಗಿ ನೆಟ್ ಬಳಿಯಿರುವವನು ಬಳಸುವ ಹೊಡೆತಕ್ಕೆ ‘ಬಾಂದೇಹಾ’ ಎಂಬ ಹೆಸರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದರ ಅರ್ಥ ತಟ್ಟೆ. ಹೋಟೆಲಿನ ಮಾಣಿ ಭುಜದೆತ್ತರದಲ್ಲಿ ತಟ್ಟೆ ಹಿಡಿದು ನಡೆಯುವ ಭಂಗಿಯನ್ನು ಈ ಹೊಡೆತ ಹೋಲುತ್ತದೆ. ಇದರ ಗುರಿ ಅಂಕ ಗೆಲ್ಲುವುದಲ್ಲ. ಚೆಂಡಿಗೆ ಕೆಳಮುಖದ ಸುತ್ತು ಕೊಟ್ಟು ಗಾಜಿನ ಬಳಿ ತಗ್ಗಾಗಿ ಉಳಿಯುವಂತೆ ಮಾಡಿ, ತಾನು ನೆಟ್ ಬಳಿಯ ಸ್ಥಾನವನ್ನು ಕಳೆದುಕೊಳ್ಳದಿರುವುದು. ದೊಡ್ಡ ಲಾಭದ ಆಸೆಗೆ ಬಿದ್ದು ಕೈಯಲ್ಲಿರುವ ಮಾರುಕಟ್ಟೆಯನ್ನು ಕಳೆದುಕೊಳ್ಳಬಾರದೆಂಬ ಮಾತು ವರ್ತಕರಿಗೆ ಹೊಸದೇನಲ್ಲ.

ಈ ಹೊಡೆತವನ್ನು ನೋಡಿ ಕಲಿಯಲಾಗುವುದಿಲ್ಲ. ಪಾದ ಎಲ್ಲಿಡಬೇಕು, ಎಡಗೈ ಎಲ್ಲಿ ಚೆಂಡನ್ನು ತೋರಬೇಕು, ತಾಗುವ ಎತ್ತರ ಎಷ್ಟು ಎಂಬುದನ್ನು ಒಬ್ಬರು ನಿಂತು ತಿದ್ದಬೇಕು. ನೂರಾರು ಬಾರಿ ಪುನರಾವರ್ತಿಸಬೇಕು. ತರಬೇತುದಾರನ ಪಕ್ಕದಲ್ಲಿರುವ ಚೆಂಡಿನ ಗಾಡಿಯ ಉಪಯೋಗ ಇದೇ. ನಾಲ್ವರ ತರಗತಿಯಲ್ಲಿ ಇಬ್ಬರು ಹೊಡೆಯುತ್ತಿರುವಾಗ ಉಳಿದಿಬ್ಬರು ಚೆಂಡಿಲ್ಲದೆ ಹೆಜ್ಜೆಯ ಅಭ್ಯಾಸ ಮಾಡುತ್ತಾರೆ ಅಥವಾ ಚೆಂಡುಗಳನ್ನು ಆಯುತ್ತಾರೆ. ಅನಂತರ ಸ್ಥಾನ ಬದಲು. ಪಾಠದ ಕೊನೆಯಲ್ಲಿ ಅಂದು ಕಲಿತದ್ದನ್ನೇ ಬಳಸಬೇಕಾದ ಒಂದು ಪುಟ್ಟ ಪಂದ್ಯ. ಇಂತಹ ಕ್ರಮವಿಲ್ಲದೆ ನಾಲ್ವರನ್ನು ಸುಮ್ಮನೆ ಆಡಲು ಬಿಟ್ಟು ಬೆಂಚಿನ ಮೇಲೆ ಕೂರುವವನು ತರಬೇತುದಾರನಲ್ಲ, ಕಾವಲುಗಾರ.

ರ್‍ಯಾಕೆಟ್, ಚೆಂಡು, ಪಾದರಕ್ಷೆ: ಮಾರುವವರ ಹೊಣೆ

ಕ್ರೀಡಾಸಾಮಗ್ರಿ ವ್ಯಾಪಾರಿಗಳ ಪಾತ್ರವೂ ಇಲ್ಲಿ ಸಣ್ಣದಲ್ಲ. ಪ್ಯಾಡೆಲ್ ರ್‍ಯಾಕೆಟ್‌ಗೆ ತಂತಿಗಳಿರುವುದಿಲ್ಲ. ಒಳಗೆ ಮೃದುವಾದ ಫೋಮ್, ಹೊರಗೆ ಫೈಬರ್ ಗ್ಲಾಸ್ ಅಥವಾ ಕಾರ್ಬನ್ ಪದರ, ನಡುವೆ ರಂಧ್ರಗಳು. ಉದ್ದ 45.5 ಸೆಂಟಿಮೀಟರ್, ದಪ್ಪ 38 ಮಿಲಿಮೀಟರ್ ಮೀರುವಂತಿಲ್ಲ. ದುಂಡಗಿನ ಮುಖದ, ಮೆತ್ತನೆಯ ರ್‍ಯಾಕೆಟ್ ಹೊಸಬರಿಗೆ ಸೂಕ್ತ. ತುದಿಯಲ್ಲಿ ಭಾರವಿರುವ ವಜ್ರಾಕಾರದ, ಗಡುಸಾದ ಕಾರ್ಬನ್ ರ್‍ಯಾಕೆಟ್‌ಗೆ ಬೆಲೆ ಹೆಚ್ಚು, ಮಾರಾಟಗಾರನಿಗೆ ಲಾಭವೂ ಹೆಚ್ಚು. ಆದರೆ ಅದು ಹೊಸಬರ ಮೊಣಕೈಗೆ ನೋವು ತರಬಹುದು. ಮೊಣಕೈ ನೋವು ಈ ಆಟದಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗಳಲ್ಲೊಂದು. ಆ ನೋವಿನಿಂದ ಆಟ ಬಿಟ್ಟವನು ಎರಡನೆಯ ರ್‍ಯಾಕೆಟ್ ಕೊಳ್ಳಲು ಅಂಗಡಿಗೆ ಬರುವುದಿಲ್ಲ.

ಪಾದರಕ್ಷೆಯ ಮಾತೂ ಅಂತೆಯೇ. ಮರಳು ತುಂಬಿದ ಹುಲ್ಲುಹಾಸಿನ ಮೇಲೆ ಓಟಕ್ಕೆಂದು ತಯಾರಿಸಿದ ಎತ್ತರದ ಅಟ್ಟೆಯ ಬೂಟು ಧರಿಸಿದರೆ ಕಣಕಾಲು ಉಳುಕುವ ಸಂಭವ ಹೆಚ್ಚು. ಪಕ್ಕದ ಚಲನೆಗೆ ಹಿಡಿತ ಕೊಡುವ, ಮಣ್ಣಿನ ಟೆನಿಸ್ ಅಂಕಣದ ಮಾದರಿಯ ಅಟ್ಟೆ ಬೇಕು. ರ್‍ಯಾಕೆಟ್‌ನ ಹಿಡಿಯಲ್ಲಿರುವ ದಾರವನ್ನು ಮಣಿಕಟ್ಟಿಗೆ ತೊಡುವುದು ನಿಯಮದಂತೆ ಕಡ್ಡಾಯ. ಚಿಕ್ಕ ಅಂಕಣದಲ್ಲಿ ಕೈಜಾರಿದ ರ್‍ಯಾಕೆಟ್ ಜೊತೆಗಾರನ ಮುಖಕ್ಕೆ ಅಪ್ಪಳಿಸಬಹುದು. ಗೋಡೆಯಿಂದ ಸಿಡಿದ ಚೆಂಡು ಕಣ್ಣಿಗೆ ಗಂಭೀರ ಪೆಟ್ಟು ಮಾಡಬಹುದು. ಇವನ್ನೆಲ್ಲ ಮೊದಲ ದಿನವೇ ತಿಳಿಸುವುದು ತರಬೇತುದಾರನ ಹೊಣೆ. ಅದನ್ನು ಖಚಿತಪಡಿಸಿಕೊಳ್ಳುವುದು ಅಂಕಣದ ಮಾಲೀಕನ ಹೊಣೆ.

ಚೆಂಡಿನ ವಿಚಾರದಲ್ಲಿ ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಅಂಶವೊಂದಿದೆ. ನಿಯಮದಂತೆ 2.54 ಮೀಟರ್ ಎತ್ತರದಿಂದ ಬಿಟ್ಟ ಚೆಂಡು 135ರಿಂದ 145 ಸೆಂಟಿಮೀಟರ್ ಪುಟಿಯಬೇಕು. ಸಮುದ್ರಮಟ್ಟದಿಂದ 500 ಮೀಟರ್‌ಗಿಂತ ಎತ್ತರದ ಸ್ಥಳಗಳಲ್ಲಿ ಇದಕ್ಕಿಂತ ಕಡಿಮೆ ಪುಟಿಯುವ ಇನ್ನೊಂದು ಬಗೆಯ ಚೆಂಡನ್ನು ಬಳಸಲು ನಿಯಮಾವಳಿ ಅವಕಾಶ ನೀಡುತ್ತದೆ. ಬೆಂಗಳೂರು 900 ಮೀಟರ್‌ನಷ್ಟು ಎತ್ತರದಲ್ಲಿದೆ. ಮೈಸೂರು 700 ಮೀಟರ್ ಮೀರಿದೆ. ಇಲ್ಲಿ ತೆಳುವಾದ ಗಾಳಿಯಲ್ಲಿ ಚೆಂಡು ಮಂಗಳೂರಿನಲ್ಲಿ ಚಲಿಸುವುದಕ್ಕಿಂತ ವೇಗವಾಗಿ ಚಲಿಸುತ್ತದೆ. ಹೊಸಬರಿಗೆ ವೇಗದ ಚೆಂಡು ಶತ್ರು. ಅತ್ತ, ಒತ್ತಡ ಕಳೆದುಕೊಂಡ ಹಳೆಯ ಚೆಂಡು ಗಾಜಿನಿಂದ ಮರಳುವುದೇ ಇಲ್ಲ. ಅದರಲ್ಲಿ ಕಲಿತವನು ಹೊಸ ಚೆಂಡು ಬಂದೊಡನೆ ತಬ್ಬಿಬ್ಬಾಗುತ್ತಾನೆ. ತರಗತಿಯ ಗಾಡಿಯಲ್ಲಿರುವ ಚೆಂಡುಗಳನ್ನು ಕಾಲಕಾಲಕ್ಕೆ ಬದಲಿಸುವುದು ಖರ್ಚಿನ ಬಾಬತ್ತಾಗಿ ಕಂಡರೂ ವಾಸ್ತವದಲ್ಲಿ ಬೋಧನೆಯ ಗುಣಮಟ್ಟಕ್ಕೆ ಸಂಬಂಧಿಸಿದ್ದು.

ಹನ್ನೊಂದು ಅವಧಿಗಳ ದಿನ

ಪ್ಯಾಡೆಲ್ ಅಂಕಣವನ್ನು ಬಹುತೇಕ ಒಂದೂವರೆ ಗಂಟೆಯ ಅವಧಿಗೆ ಬಾಡಿಗೆಗೆ ನೀಡುವ ವಾಡಿಕೆ ಇದೆ. ಬೆಳಿಗ್ಗೆ 6ರಿಂದ ರಾತ್ರಿ 10.30ರವರೆಗೆ ತೆರೆದಿಟ್ಟರೆ ದಿನಕ್ಕೆ 11 ಅವಧಿಗಳು. ಕಚೇರಿಗೆ ಹೋಗುವ ಮುನ್ನಿನ ಎರಡು, ಸಂಜೆಯ ಮೂರು, ಹೀಗೆ ಐದು ಅವಧಿಗಳು ಆಟಕ್ಕೆ ಬೇಡಿಕೆಯಿರುವ ಊರಿನಲ್ಲಿ ಹೇಗೋ ತುಂಬಬಹುದು. ಬೆಳಿಗ್ಗೆ 9ರಿಂದ ಸಂಜೆ 6ರವರೆಗಿನ ಆರು ಅವಧಿಗಳು ಖಾಲಿ ಬಿದ್ದಿರುತ್ತವೆ. ನೆಲಬಾಡಿಗೆ ಮತ್ತು ಸಾಲದ ಕಂತು ಮಾತ್ರ ಹನ್ನೊಂದೂ ಅವಧಿಗಳಿಗೆ ಓಡುತ್ತಿರುತ್ತವೆ. ಈ ಖಾಲಿ ವೇಳೆಯನ್ನು ತುಂಬಬಲ್ಲ ಸಾಧನಗಳಲ್ಲಿ ತರಗತಿಯೇ ಪ್ರಮುಖವಾದುದು. ಶಾಲೆಗಳೊಡನೆ ಒಪ್ಪಂದ, ಗೃಹಿಣಿಯರ ಬ್ಯಾಚ್, ಹಿರಿಯರ ಬ್ಯಾಚ್ ಮುಂತಾದ ಯಾವುದೂ ತರಬೇತುದಾರನಿಲ್ಲದೆ ಸಾಧ್ಯವಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಇದು ನಾಲ್ವರ ಆಟವಾದುದರಿಂದ ಒಬ್ಬ ಬಾರದಿದ್ದರೆ ಉಳಿದ ಮೂವರೂ ನಿರಾಶರಾಗುತ್ತಾರೆ. ನಾಲ್ವರ ಮಟ್ಟ ಸಮಾನವಾಗಿಲ್ಲದಿದ್ದರೆ ಯಾರಿಗೂ ಆಟ ರುಚಿಸುವುದಿಲ್ಲ. ಯೂರೋಪಿನಲ್ಲಿ ಅಂಕಣ ಕಾಯ್ದಿರಿಸುವ ಪ್ಲೇಟಾಮಿಕ್‌ನಂತಹ ಮೊಬೈಲ್ ವ್ಯವಸ್ಥೆಗಳು ಆಟಗಾರನಿಗೆ ಸೊನ್ನೆಯಿಂದ ಏಳರವರೆಗಿನ ಮಟ್ಟವೊಂದನ್ನು ನಿಗದಿಪಡಿಸಿ, ಸರಿಸಮಾನರನ್ನು ಒಂದುಗೂಡಿಸುತ್ತವೆ. ಯಂತ್ರದ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬಲ್ಲವನು ತರಗತಿಯಲ್ಲಿ ಪ್ರತಿಯೊಬ್ಬರನ್ನೂ ಕಂಡಿರುವ ತರಬೇತುದಾರ. ಯಾರನ್ನು ಯಾರೊಡನೆ ಆಡಿಸಬೇಕೆಂದು ಆತ ಬಲ್ಲ. ಹೀಗೆ ಒಂದು ತರಗತಿ ಒಂದು ಗುಂಪನ್ನು ಹುಟ್ಟಿಸುತ್ತದೆ; ಆ ಗುಂಪು ತನ್ನಷ್ಟಕ್ಕೆ ತಾನೇ ವಾರದ ಅವಧಿಯೊಂದನ್ನು ಕಾಯಂ ಆಗಿ ಕಾದಿರಿಸುತ್ತದೆ.

ತರಬೇತುದಾರ ಎಲ್ಲಿಂದ ಬರಬೇಕು?

ಅಂಕಣಗಳು ಹೆಚ್ಚಿದಷ್ಟು ಶೀಘ್ರವಾಗಿ ತರಬೇತುದಾರರು ಹೆಚ್ಚುವುದಿಲ್ಲ. ಸ್ಪೇನಿನಲ್ಲಿ ಫೆಡರೇಷನ್ ಹಾಗೂ ಇತರ ಸಂಸ್ಥೆಗಳು ಹಂತಹಂತದ ಪ್ರಮಾಣಪತ್ರ ಶಿಕ್ಷಣ ನೀಡುತ್ತವೆ. ಬ್ರಿಟನ್ನಿನಲ್ಲಿ 2020ರಲ್ಲಿ ಲಾನ್ ಟೆನಿಸ್ ಅಸೋಸಿಯೇಷನ್ ಪ್ಯಾಡೆಲ್‌ನ ಆಡಳಿತ ಸಂಸ್ಥೆಯಾಗಿ ಮಾನ್ಯತೆ ಪಡೆದ ಬಳಿಕ, ಟೆನಿಸ್ ತರಬೇತುದಾರರು ಪ್ಯಾಡೆಲ್ ಬೋಧನೆಗೆ ಅರ್ಹತೆ ಪಡೆಯುವ ದಾರಿ ತೆರೆಯಿತು. ಭಾರತದಲ್ಲಿಯೂ ಹೆಚ್ಚಿನವರು ಟೆನಿಸ್‌ನಿಂದಲೇ ಬರಬೇಕಾಗುತ್ತದೆ. ಟೆನಿಸ್ ಕಲಿಸಿದ ಅನುಭವ ಮೌಲ್ಯವುಳ್ಳದ್ದು. ಆದರೆ ಗಾಜಿನ ಪಾಠ, ಲಾಬ್ ಮತ್ತು ಬಾಂದೇಹಾಗಳ ತರ್ಕ, ಜೋಡಿಯ ಚಲನೆ ಇವುಗಳನ್ನು ಸ್ವತಃ ಕಲಿಯದೆ ಕಲಿಸ ಹೊರಟವರು ಗೋಡೆಗಳ ನಡುವೆ ಟೆನಿಸ್ ಕಲಿಸಿದಂತಾಗುತ್ತದೆ.

ಬೆಂಗಳೂರಿನಲ್ಲಿ ಪ್ಯಾಡೆಲ್ ಅಂಕಣಗಳು ಈಗಾಗಲೇ ತಲೆಯೆತ್ತಿವೆ. ಇತರ ನಗರಗಳಲ್ಲಿಯೂ ಹೂಡಿಕೆಯ ಯೋಚನೆ ಮಾಡುವವರಿದ್ದಾರೆ. ಅಂತಹವರು ಹಣ ತೊಡಗಿಸುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳಿತು. ತರಬೇತುದಾರನನ್ನು ನೇಮಿಸುವ ಹಾಗೂ ಆತನಿಗೆ ಹೆಚ್ಚಿನ ತರಬೇತಿ ಕೊಡಿಸುವ ವೆಚ್ಚವನ್ನು ಯೋಜನಾ ವರದಿಯಲ್ಲಿ ಬಂಡವಾಳದ ಭಾಗವಾಗಿ ಸೇರಿಸಲಾಗಿದೆಯೆ? ಹಗಲಿನ ಆರು ಅವಧಿಗಳಿಗೆ ಯಾರು ಬರುತ್ತಾರೆಂಬ ಪಟ್ಟಿ ಸಿದ್ಧವಿದೆಯೆ? ಸೂರಿನ ಎತ್ತರ ಕನಿಷ್ಠ 6 ಮೀಟರ್ ಇದೆಯೆ? ಅದಿಲ್ಲದ ಶೆಡ್ಡಿನಲ್ಲಿ ಲಾಬ್ ಕಲಿಸಲಾಗದು. ಲಾಬ್ ಇಲ್ಲದ ಪ್ಯಾಡೆಲ್ ಅರ್ಧ ಆಟ. ತರಬೇತುದಾರನಿಗೆ ಶುಲ್ಕದಲ್ಲಿ ಪಾಲು ಕೊಡುವ ಏರ್ಪಾಟಿದೆಯೆ, ಅಥವಾ ಆತ ಆರು ತಿಂಗಳಲ್ಲಿ ತನ್ನ ಶಿಷ್ಯರೊಡನೆ ಪಕ್ಕದ ಬೀದಿಯ ಹೊಸ ಅಂಕಣಕ್ಕೆ ಹೋಗುವ ಸಂಭವವಿದೆಯೆ?

ಕೊನೆಯ ಪ್ರಶ್ನೆಯನ್ನು ಲಘುವಾಗಿ ಕಾಣುವಂತಿಲ್ಲ. ಗಾಜು, ಉಕ್ಕು, ಹುಲ್ಲುಹಾಸುಗಳಿಗೆ ವಿಮೆ ಮಾಡಿಸಬಹುದು, ಕೆಟ್ಟರೆ ಬದಲಿಸಬಹುದು. ಕಲಿಸುವವನ ಮೇಲೆ ಕಲಿಯುವವರಿಟ್ಟ ವಿಶ್ವಾಸವನ್ನು ಅಂಗಡಿಯಿಂದ ತರಲಾಗುವುದಿಲ್ಲ. ಅರ್ಜೆಂಟೀನಾದ ಸಿಮೆಂಟು, ಸ್ವೀಡನ್ನಿನ ಖಾಲಿ ಸಭಾಂಗಣಗಳು ಹೇಳುವುದೂ ಇದನ್ನೇ. ಪ್ಯಾಡೆಲ್‌ನಲ್ಲಿ ಹಣ ತೊಡಗಿಸಬಯಸುವ ಉದ್ಯಮಿಗಳು ಮೊದಲು ಒಬ್ಬ ಉತ್ತಮ ತರಬೇತುದಾರನನ್ನು ಗುರುತಿಸಿ, ತಾವೂ ಆತನ ಬಳಿ ಹತ್ತು ಪಾಠ ಕಲಿತು, ಅನಂತರ ಅಂಕಣದ ನಕ್ಷೆಗೆ ಸಹಿ ಹಾಕುವುದು ವಿವೇಕದ ಕ್ರಮವಾಗಿದೆ.